ಕೌದಿಯ ಕಾಣಿಕೆ



ಮನುಷ್ಯರು ಒಬ್ಬರಿಗೊಬ್ಬರು ಕೊಡುವ ಕಾಣಿಕೆಗಳಲ್ಲಿ ಅಂಗಡಿಯಿಂದ ಕೊಂಡು ಕೊಡತಕ್ಕವು ಕೆಲವು, ಸ್ವಹಸ್ತದಿಂದ ಮಾಡಿ ಕೊಡತಕ್ಕವು ಕೆಲವು. ಈ ಎರಡನೆಯ ಬಗೆಯವುಗಳಲ್ಲಿ ಕೌದಿಯಷ್ಟು ಉಪಯುಕ್ತವಾದದ್ದೂ, ಕೌದಿಯಷ್ಟು ಅಲಕ್ಷ್ಯಕ್ಕೆ ಗುರಿಯಾದದ್ದೂ ಮತ್ತೊಂದು ವಿರಳ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಸೀಮೆಗಳ ಹಳ್ಳಿಗಳಲ್ಲಿ ತಲೆತಲಾಂತರದಿಂದ ಅದು ಮನೆಮನೆಯ ವಸ್ತುವಾಗಿದೆ. ಆದರೂ ಅದನ್ನು ಬಡತನದ ಕುರುಹೆಂದೂ, ಬೀಗರು ಬಂದಾಗ ಮರೆಮಾಡತಕ್ಕ ಪದಾರ್ಥವೆಂದೂ ಭಾವಿಸುವವರುಂಟು. ಈ ಭಾವನೆಯು ಎಷ್ಟರಮಟ್ಟಿಗೆ ಸರಿಯಾದದ್ದೆಂಬುದನ್ನು ವಿಚಾರಿಸುವದೇ ಈ ಭಾಷಣದ ಉದ್ದೇಶವು.

ಉಟ್ಟು ಸವೆದ ಸೀರೆ, ಧೋತರ, ಕುಪ್ಪಸದ ಖಣ, ಮಕ್ಕಳ ಅಂಗಿ, ದರ್ಜಿಯ ಕತ್ತರಿಯಿಂದ ಉಳಿದ ಚೂರು, ಇವುಗಳನ್ನು ಪದರಪದರವಾಗಿ ಹಾಸಿ ಹೊಲಿದದ್ದೇ ಕೌದಿ. ಇದು ಕನ್ನಡನಾಡಿಗೆ ಮಾತ್ರ ಸೇರಿದ ವಿದ್ಯೆಯಲ್ಲ. ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ, ಮಹಾರಾಷ್ಟ್ರದಲ್ಲಿ ಗೋಧಡಿ ಎಂಬ ಹೆಸರುಗಳಿಂದ ಇದರ ಒಡಹುಟ್ಟುಗಳು ಬಾಳುತ್ತಲಿವೆ. ಕನ್ನಡದಲ್ಲಿಯೇ ಕಂಥೆ ಎಂಬ ಹಳೆಯ ಶಬ್ದವು ತೇಪೆಗಳಿಂದ ಹೊಲಿದ ಬಟ್ಟೆಗೂ, ವಿರಕ್ತರ ಹೊದಿಕೆಗೂ ಸಲ್ಲುತ್ತದೆ. ತ್ಯಾಗಿಯ ಮೈಮೇಲೆ ಪೂಜ್ಯವಾದ ವಸ್ತುವು ಗೃಹಸ್ಥನ ಮನೆಯಲ್ಲಿ ನಾಚಿಕೆಗೆ ಕಾರಣವಾಗುವದು ಹೇಗೆ?

ಇನ್ನು ಅದನ್ನು ಮಾಡುವ ಕ್ರಮ. ಅರಿವೆಗಳನ್ನು ಮೊದಲು ಒಗೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಬೇಕು. ಹೊಸ ಚೂರುಗಳನ್ನಂತೂ ಒಗೆಯದೆ ಸೇರಿಸಲಾಗದು; ಮುಂದೆ ಅವು ಕುಗ್ಗಿ ಕೌದಿಯನ್ನು ಮುದುಡಿಸುವವು. ಗುಂಡಿಗಳನ್ನೂ ಚುಚ್ಚುವ ಜರಿಯನ್ನೂ ಕಿತ್ತು ತೆಗೆಯಬೇಕು. ಹಳೆಯ ಸೀರೆಯೊಂದನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಧೋತರದ ಪದರಗಳನ್ನು ಹರಡಿ, ಎಲ್ಲಕ್ಕೂ ಮೇಲೆ ಬಣ್ಣದ ಚೂರುಗಳನ್ನು ಅಂಚು ಮಡಿಸಿ ಹೊಂದಿಸಬೇಕು. ಬಳಿಕ ಗಟ್ಟಿಯಾದ ಹತ್ತಿಯ ದಾರದಿಂದ ಒಂದು ಮೂಲೆಯಲ್ಲಿ ಹೊಲಿಗೆಯನ್ನಾರಂಭಿಸಿ, ನಾಲ್ಕೂ ಅಂಚುಗಳನ್ನು ಸುತ್ತುತ್ತ ನಡುವಿನವರೆಗೆ ಸಾಗಬೇಕು. ಚೌಕಟ್ಟು ಬೇಡ, ಯಂತ್ರ ಬೇಡ. ಹೊಲಿಯುವವಳು ಅದರ ಮೇಲೆಯೇ ಕುಳಿತು ಹೊಲಿಯುವಳು. ಪದರಗಳ ನಡುವೆ ಸಿಕ್ಕಿದ ಗಾಳಿಯು ಮೈಯ ಕಾವನ್ನು ಹೊರಗೆ ಬಿಡದಿರುವದೇ ಕೌದಿಯ ಬೆಚ್ಚನೆಯ ಮರ್ಮ. ಸವೆದ ಹತ್ತಿಬಟ್ಟೆಯು ಮೆದುವಾಗಿದ್ದು ಬೆವರನ್ನು ಹೀರುವದು. ಈಚಿನ ಕೃತಕ ನೂಲಿನ ಬಟ್ಟೆಗಳಿಗೆ ಈ ಗುಣವು ಕಡಿಮೆ. ಬೆಂಕಿ ತಗುಲಿದರೆ ಅವು ಕರಗಿ ಮೈಗೆ ಅಂಟುವವು. ಆದುದರಿಂದ ಅವುಗಳನ್ನು ಆರಿಸಿ ಬೇರೆ ಇಡುವದು ಲೇಸು. ಹಸುಗೂಸಿನ ಕೌದಿಯು ಹಾಸಲಿಕ್ಕೆಂದೇ ತೆಳ್ಳಗಿರಬೇಕು. ಮುಖದ ಮೇಲೆ ಬರುವಂತೆ ಹೊದಿಸಲಾಗದು.

ಇದರಲ್ಲಿ ಎಷ್ಟು ಶ್ರಮವಡಗಿದೆಯೆಂಬುದನ್ನು ಲೆಕ್ಕ ಹಾಕಿ ನೋಡೋಣ. ನಾಲ್ಕು ಮೊಳ ಉದ್ದ, ಮೂರು ಮೊಳ ಅಗಲದ ಕೌದಿಯೆಂದರೆ 72 ಅಂಗುಲಕ್ಕೆ 54 ಅಂಗುಲ. ಸಾಲುಗಳ ನಡುವೆ ಒಂದೇ ಅಂಗುಲದ ಅಂತರವಿಟ್ಟರೆ ಹೊಲಿಗೆಯ ಒಟ್ಟು ಉದ್ದವು 3,888 ಅಂಗುಲ. ಅಂಗುಲಕ್ಕೆ ಮೂರೇ ಹೊಲಿಗೆಯೆಂದು ಹಿಡಿದರೂ 11,664 ಹೊಲಿಗೆಗಳಾದವು. ಒತ್ತಾಗಿ ಹೊಲಿದರೆ ಇದರ ಎರಡು ಮಡಿಯೂ ಆದೀತು. ಒಂದೊಂದು ಹೊಲಿಗೆಗೂ ಸೂಜಿಯು ಎಲ್ಲ ಪದರಗಳನ್ನು ದಾಟಬೇಕು, ಕಣ್ಣು ನೆಟ್ಟಿರಬೇಕು, ಬೆರಳು ನೋಯಬೇಕು.

ಇಲ್ಲಿಯೇ ಕಾಣಿಕೆಯ ತತ್ತ್ವವಿರುವದು. ಸವೆದ ಸೀರೆಯನ್ನು ಹಾಗೆಯೇ ಸುತ್ತಿ ಒಬ್ಬರ ಕೈಗೆ ಕೊಟ್ಟರೆ ಅದು ಕಾಣಿಕೆಯಲ್ಲ, ಬೇಡಾದದ್ದನ್ನು ಸಾಗಹಾಕಿದಂತಾಯಿತು. ಪಡೆದವರ ಮನಸ್ಸು ಅದರಿಂದ ನೊಂದರೂ ನೊಂದೀತು. ಅದೇ ಸೀರೆಯು ಹನ್ನೊಂದು ಸಾವಿರ ಹೊಲಿಗೆಗಳನ್ನು ಹೊತ್ತು ಬಂದಾಗ ಪಡೆದವರು ಅದನ್ನು ಎದೆಗವಚಿಕೊಳ್ಳುವರು. ಬಟ್ಟೆಯು ಬದಲಾಗಲಿಲ್ಲ, ಕೊಡುವವರು ತಮ್ಮ ದಿನಗಳನ್ನು ಅದರಲ್ಲಿ ಸೇರಿಸಿದರು. ಚೊಚ್ಚಲ ಬಾಣಂತನ ಮುಗಿಸಿ ಮಗಳು ಕೂಸಿನೊಡನೆ ಗಂಡನ ಮನೆಗೆ ಹೊರಟಾಗ ತಾಯಿಯು ಕುಲಾವಿ ಕುಂಚಿಗೆಗಳ ಜೊತೆಗೆ ಪುಟ್ಟ ಕೌದಿಯನ್ನು ಕೊಡುವಳು. ಅಜ್ಜಿಯ ಇಳಕಲ್ ಸೀರೆ, ತಂದೆಯ ಧೋತರ, ತಂಗಿಯ ಲಂಗ, ಎಲ್ಲವೂ ಅದರಲ್ಲಿ ಒಂದೊಂದು ಚೂರಾಗಿ ಕೂಡಿಕೊಂಡಿರುವವು. ತವರಿನ ಮನೆಯೇ ಕೂಸಿನ ಬೆನ್ನಡಿ ಹಾಸಿದಂತಾಯಿತು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಗಳಲ್ಲಿ ನೆಲೆಸಿದ ಸಿದ್ದಿ ಜನರ ಕೌದಿಗಳು ಈ ಮಾತಿಗೆ ಮತ್ತೊಂದು ನಿದರ್ಶನ. ಆಫ್ರಿಕಾ ಮೂಲದ ಇವರು ಅದನ್ನು ಕವಾಂದ್ ಎನ್ನುವರು. ಇವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ಇದ್ದಾರೆ. ಒಬ್ಬರ ಕೌದಿಯಲ್ಲಿ ಶಿಲುಬೆ, ಇನ್ನೊಬ್ಬರದರಲ್ಲಿ ಬಾಲಚಂದ್ರ ಮೂಡಿದರೂ ಹೊಲಿಗೆಯ ರೀತಿಯು ಒಂದೇ. ನಾಲ್ಕೂ ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಹೂವನ್ನು ಕೂಡಿಸದಿದ್ದರೆ ಕೌದಿಯು ಬೆತ್ತಲೆಯೆಂದು ಅವರ ಎಣಿಕೆ. ಚಿಂದಿಯನ್ನು ಹೊಲಿಯುವವರು ಅಲಂಕಾರವನ್ನು ಬಿಡಲೊಲ್ಲರು! ಅಮೇರಿಕೆಯ ಕಲಾವಿದ್ವಾಂಸ ಹೆನ್ರಿ ಡ್ರೂವಲ್ ಅವರ ಆಸಕ್ತಿಯ ಫಲವಾಗಿ 2004ರಲ್ಲಿ ಇಲ್ಲಿಯ ಹೆಣ್ಣುಮಕ್ಕಳ ಸಹಕಾರ ಸಂಘವೊಂದು ಏರ್ಪಟ್ಟು, ಈ ಕೌದಿಗಳು ದೂರದೇಶಗಳಲ್ಲಿಯೂ ಮನ್ನಣೆ ಪಡೆದವು.

ಆದರೆ ಒಂದು ಮಾತನ್ನು ಮುಚ್ಚಿಡಲಾಗದು. ಮನೆಮನೆಗೆ ಬಂದು ಕೂಲಿಗೆ ಕೌದಿ ಹೊಲಿದುಕೊಡುವ ಬಡ ಹೆಣ್ಣುಮಕ್ಕಳುಂಟು. ಬಟ್ಟೆ ಮನೆಯವರದು, ಬೆರಳು ಅವರದು. ಅರಿವೆ ಹಳೆಯದೆಂಬ ನೆವದಿಂದ ಅವರ ಕೂಲಿಯಲ್ಲಿ ಚೌಕಾಸಿ ಮಾಡಿ, ಆ ಕೌದಿಯನ್ನೇ ಪ್ರೀತಿಯ ಕಾಣಿಕೆಯೆಂದು ಮಗಳಿಗೆ ಕೊಟ್ಟರೆ, ಕೊಟ್ಟದ್ದು ಯಾರ ದುಡಿಮೆ? ಹೊಲಿಗೆಯ ಬೆಲೆಯನ್ನು ಅರಿವೆಯ ಬೆಲೆಯಿಂದ ಅಳೆಯಲಾಗದು. ಕಾಯಕವನ್ನು ಕೈಲಾಸವೆಂದು ನಂಬಿದ ನಾಡಿನಲ್ಲಿ ಸೂಜಿಯ ಕಾಯಕವನ್ನು ಕಿರಿದಾಗಿ ಕಾಣುವದು ತರವಲ್ಲ.

ಮತ್ತೊಂದು ತಪ್ಪು ತಿಳಿವಳಿಕೆಯೆಂದರೆ, ಚೆಲುವಾದ ಕೌದಿಯನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟು ಕಾಪಾಡುವದೇ ಗೌರವವೆಂಬುದು. ಮುದನೂರಿನ ದಾಸಿಮಯ್ಯನವರ ಕಥೆಯನ್ನು ಇಲ್ಲಿ ನೆನೆಯಬೇಕು. ತಾವು ನೆಯ್ದ ಬೆಲೆಯುಳ್ಳ ವಸ್ತ್ರವನ್ನು ಚಳಿಯಲ್ಲಿ ನಡುಗುತ್ತಿದ್ದ ಮುದುಕನೊಬ್ಬನಿಗೆ ಅವರು ಕೊಟ್ಟರೆಂದೂ, ಆತನು ಅದನ್ನು ಅವರ ಕಣ್ಣೆದುರಿಗೇ ಹರಿದು ತಲೆಗೆ, ಕೈಗೆ, ಕಾಲಿಗೆ ಸುತ್ತಿಕೊಂಡರೂ ಅವರ ಮನಸ್ಸು ಕದಡಲಿಲ್ಲವೆಂದೂ ಪರಂಪರೆಯು ಹೇಳುತ್ತದೆ. ಕೊಟ್ಟ ಬಳಿಕ ವಸ್ತುವು ಪಡೆದವನದು. ಚಳಿ ನೀಗಿದರೆ ಅದರ ಜನ್ಮವು ಸಾರ್ಥಕ. ಕೌದಿಯೂ ಅಂತೆಯೇ ಹಾಸಿ, ಹೊದ್ದು, ಒಗೆದು, ಸವೆಯಲಿಕ್ಕಾಗಿಯೇ ಇರುವದು. ಪೂರ್ಣ ಸವೆದಾಗಲೂ ಅದನ್ನು ಎಸೆಯುವದಿಲ್ಲ; ಅದರ ಮೇಲೆ ಹೊಸ ಪದರವನ್ನು ಹೊದಿಸಿ ಹೊಲಿದರೆ ಹಳೆಯ ಕೌದಿಯು ಹೊಸದರ ಒಡಲಾಗುವದು.

ಆದುದರಿಂದ ಭಕ್ತರೇ, ನಿಮ್ಮ ಮನೆಯ ಮೂಲೆಯ ಗಂಟಿನಲ್ಲಿ ಬಿದ್ದಿರುವ ಅರಿವೆಗಳನ್ನು ಈ ಬೇಸಗೆಯಲ್ಲಿ ಬಿಚ್ಚಿ ನೋಡಿರಿ. ಹೊಲಿಯಬಲ್ಲವರು ಹೊಲಿಯಿರಿ, ಅರಿಯದವರು ಮನೆಯ ಹಿರಿಯಳ ಬಳಿಯಲ್ಲಿ ಕುಳಿತು ಕಲಿಯಿರಿ, ಎರಡೂ ಆಗದವರು ಹೊಲಿಯುವವಳಿಗೆ ತುಂಬು ಕೂಲಿಯನ್ನಿತ್ತು ಹೊಲಿಸಿರಿ. ಮಳೆಗಾಲ ಕಳೆದು ಚಳಿಯು ಬರುವಷ್ಟರಲ್ಲಿ, ಹೊದಿಕೆಯಿಲ್ಲದ ಒಂದು ಜೀವಕ್ಕಾದರೂ ನಿಮ್ಮ ಮನೆಯ ಕೌದಿಯು ಮುಟ್ಟಲಿ.