ಚದುರಂಗದ ಹಾಸಿನ ಮುಂದೆ ಒಬ್ಬ ಬಾಲೆ

ನನ್ನ ಊರು ಮುಡಬಿ. ಬಸವಕಲ್ಯಾಣ, ಹುಮನಾಬಾದುಗಳ ಈ ಸೀಮೆಯಲ್ಲಿ ಒಂದೊಂದು ವಸ್ತುವಿಗೂ ಮೂರು ಮೂರು ಹೆಸರುಗಳುಂಟು. ನಿಜಾಮರ ಆಳ್ವಿಕೆ 1948ರಲ್ಲಿ ಮುಗಿಯಿತು. ಆದರೆ ನಾಲಗೆಯ ಮೇಲೆ ಉರ್ದು ಉಳಿಯಿತು, ಗಡಿಯಾಚೆಯ ಮರಾಠಿ ಉಳಿಯಿತು, ಮನೆಯ ಕನ್ನಡವಂತೂ ಇದ್ದೇ ಇತ್ತು. ಹೀಗಾಗಿ ಶಾಲೆಗೆ ಹೋಗುತ್ತಿದ್ದ ನಾನು ಚದುರಂಗ ಎಂದು ಕರೆದ ಆಟವನ್ನು ನಮ್ಮ ಮುತ್ಯಾ ಶತರಂಜ ಎನ್ನುತ್ತಿದ್ದರು. ಹಬ್ಬಕ್ಕೆ ಬರುತ್ತಿದ್ದ ಮರಾಠಿ ಮಾತಿನ ಬೀಗರು ಬುದ್ಧಿಬಳ ಎನ್ನುತ್ತಿದ್ದರು.

ಹೆಸರು ಮೂರಾದರೂ ಒಂದು ಸಂಗತಿಯಲ್ಲಿ ಮೂರು ಭಾಷೆಗಳಿಗೂ ಒಮ್ಮತವಿತ್ತು. ಅರಸನ ಮಗ್ಗುಲಲ್ಲಿ ನಿಲ್ಲುವ ಕಾಯಿ ಕನ್ನಡದಲ್ಲಿ ಮಂತ್ರಿ, ಉರ್ದು ಮರಾಠಿಗಳಲ್ಲಿ ವಜೀರ. ಅಂದರೆ ಗಂಡಸು. ಆನೆ, ಕುದುರೆ, ಒಂಟೆ, ಕಾಲಾಳು ಎಲ್ಲ ಉಂಟು. ನಮ್ಮ ಹಾಸಿನ ಅರವತ್ತನಾಲ್ಕು ಮನೆಗಳಲ್ಲಿ ಹೆಣ್ಣು ಎಂಬುದಿಲ್ಲ. ಇದೇ ಆಟ ಪರ್ಷಿಯಾ, ಅರಬ್ ದೇಶಗಳನ್ನು ದಾಟಿ ಯುರೋಪು ಸೇರಿದ ಮೇಲೆ ಆ ಮಂತ್ರಿ ರಾಣಿಯಾದ. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಹಾಸಿನ ಮೇಲಿನ ಅತ್ಯಂತ ಬಲಶಾಲಿಯಾದ ಕಾಯಿಯೂ ಅದೇ ಆಯಿತು. ಆದರೆ ಕಾಯಿ ಹೆಣ್ಣಾದ ಮಾತ್ರಕ್ಕೆ ಆಡುವವರ ಸಾಲಿನಲ್ಲಿ ಹೆಣ್ಣಿಗೆ ಸ್ಥಾನ ಸಿಕ್ಕಿತೆ? ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ. ನಾನು ಇಂದು ಹೇಳಹೊರಟಿರುವುದು ಆ ಸ್ಥಾನದ ವಿಚಾರವನ್ನು. ಆ ಸ್ಥಾನವನ್ನು ಕೇಳಿ ಪಡೆದ ರೋಹಿಣಿ ಖಾಡಿಲ್ಕರ್ ಎಂಬ ಬಾಲಕಿಯ ಕಥೆಯನ್ನು.

ಅದಕ್ಕೆ ಮೊದಲು ನಮ್ಮ ಮನೆಯ ಮಾತು ಒಂದಿಷ್ಟು ಹೇಳಬೇಕು. ಮುತ್ಯಾ ಈ ಆಟವನ್ನು ನನಗೂ, ನನಗಿಂತ ನಾಲ್ಕು ವರ್ಷ ಹಿರಿಯಳಾದ ಅಕ್ಕನಿಗೂ ಒಟ್ಟಿಗೇ ಕಲಿಸಿದರು. ಅಕ್ಕ ಬಲು ಬೇಗ ನನ್ನನ್ನು ಮೀರಿದಳು; ಕೆಲವು ದಿನ ಮುತ್ಯಾನನ್ನೂ ಮೀರಿದಳು. ಆದರೆ ಅವಳು ದೊಡ್ಡವಳಾದ ಮೇಲೆ, ನಾಲ್ಕು ಜನ ಗಂಡಸರು ಬಂದು ಕೂಡುವ ಪಡಸಾಲೆಯಲ್ಲಿ ಹಾಸಿನ ಮುಂದೆ ಕುಳಿತುಕೊಳ್ಳುವುದು ನಿಂತುಹೋಯಿತು. ಯಾರೂ ಬೈಯಲಿಲ್ಲ, ಯಾರೂ ತಡೆಯಲಿಲ್ಲ. ಅವಳ ಜಾಗದಲ್ಲಿ ನಾನು ಕುಳಿತೆ, ಅಷ್ಟೆ. ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದ ಅಕ್ಕ, ರಾತ್ರಿ ಉಣ್ಣಲು ಬಡಿಸುವಾಗ ನಾನು ತಪ್ಪಿದ ನಡೆ ಯಾವುದೆಂದು ಮೆಲ್ಲಗೆ ಹೇಳುತ್ತಿದ್ದಳು. ಮರುದಿನ ಅದೇ ನಡೆಯನ್ನು ನಡೆಸಿ ನಾನು ಜಾಣನೆನಿಸಿಕೊಳ್ಳುತ್ತಿದ್ದೆ.

1976ರಲ್ಲಿ, ಬೀಗರೊಬ್ಬರು ತಂದ ಮರಾಠಿ ಪತ್ರಿಕೆಯಲ್ಲಿ ಮುಂಬಯಿಯ 13 ವರ್ಷದ ಹುಡುಗಿಯೊಬ್ಬಳು ಗಂಡಸರ ರಾಷ್ಟ್ರೀಯ ಪಂದ್ಯದಲ್ಲಿ ಆಡಿದ ಸುದ್ದಿ ಇತ್ತು. ಅಕ್ಕ ಅದನ್ನು ಎರಡು ಸಲ ಓದಿ, ಮಡಿಸಿಟ್ಟು, "ಅಕಿಗಿ ಕೂಡ್ಲಾಕ ಜಾಗಾ ಸಿಕ್ಕದ ನೋಡು ತಮ್ಮಾ" ಎಂದಳು. ಗೆದ್ದಳು ಎನ್ನಲಿಲ್ಲ, ಜಾಣೆ ಎನ್ನಲಿಲ್ಲ. ಕೂಡಲು ಜಾಗ ಸಿಕ್ಕಿದೆ ಎಂದಳು. ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಖಾಡಿಲ್ಕರ್ ಎಂಬ ಹೆಸರು ಸಾಹಿತ್ಯಾಸಕ್ತರಿಗೆ ಹೊಸದಲ್ಲ. ಸಾಂಗಲಿಯಲ್ಲಿ ಹುಟ್ಟಿದ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರು ಮರಾಠಿ ರಂಗಭೂಮಿಯ ಮಹಾ ನಾಟಕಕಾರರು. ಅವರ ‘ಕೀಚಕವಧ’ದಲ್ಲಿ ಕರ್ಜನ್ನನ ಆಡಳಿತದ ನೆರಳನ್ನು ಕಂಡ ಬ್ರಿಟಿಷ್ ಸರ್ಕಾರ ಆ ನಾಟಕವನ್ನು ನಿಷೇಧಿಸಿತ್ತು. 1923ರಲ್ಲಿ ಅವರು ‘ನವಾಕಾಳ’ ಪತ್ರಿಕೆಯನ್ನು ಸ್ಥಾಪಿಸಿದರು. ಅವರ ಮೊಮ್ಮಗ ನೀಲಕಂಠ ಖಾಡಿಲ್ಕರರು ಅದೇ ಪತ್ರಿಕೆಯ ಹೆಸರಾಂತ ಸಂಪಾದಕರಾದರು. ಈ ನೀಲಕಂಠರ ಮೂವರು ಹೆಣ್ಣುಮಕ್ಕಳೇ ವಾಸಂತಿ, ಜಯಶ್ರೀ ಮತ್ತು ರೋಹಿಣಿ. ಮೂವರೂ ಚದುರಂಗದ ರಾಷ್ಟ್ರೀಯ ಚಾಂಪಿಯನ್ನರಾದರು. ಒಂದೇ ಮನೆಯಲ್ಲಿ ಮೂವರು ಆಟಗಾರ್ತಿಯರು ಇದ್ದದ್ದು ಒಂದು ಭಾಗ್ಯ. ಏಕೆಂದರೆ ಈ ಆಟ ತನ್ನಷ್ಟಕ್ಕೆ ಬೆಳೆಯುವುದಿಲ್ಲ. ಎದುರಿಗೆ ಸಮಬಲದವರು ಬೇಕು, ತನಗಿಂತ ಮಿಗಿಲಾದವರಿದ್ದರೆ ಇನ್ನೂ ಒಳ್ಳೆಯದು. ಬಲ್ಲವರಿಂದ ಸೋಲುವುದೇ ಚದುರಂಗದ ಪಾಠಶಾಲೆ.

ಭಾರತದಲ್ಲಿ ರಾಷ್ಟ್ರೀಯ ಚದುರಂಗ ಸ್ಪರ್ಧೆ 1955ರಲ್ಲಿಯೇ ಆರಂಭವಾಗಿತ್ತು. ಮಹಿಳೆಯರಿಗಾಗಿ ಅಂಥದೊಂದು ಸ್ಪರ್ಧೆ ಏರ್ಪಡಲು ಇನ್ನೂ 19 ವರ್ಷ ಬೇಕಾಯಿತು. 1974ರಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದ ಆ ಮೊದಲ ಸ್ಪರ್ಧೆಯನ್ನು ಗೆದ್ದವಳು ಅಕ್ಕ ವಾಸಂತಿ. 1979ರಲ್ಲಿ ಜಯಶ್ರೀ ಮಹಿಳಾ ಇಂಟರ್‌ನ್ಯಾಷನಲ್ ಮಾಸ್ಟರ್ ಎಂಬ ಅಂತಾರಾಷ್ಟ್ರೀಯ ಬಿರುದನ್ನು ಪಡೆದಳು. 1963ರ ಏಪ್ರಿಲಿನಲ್ಲಿ ಹುಟ್ಟಿದ ರೋಹಿಣಿ ಎಲ್ಲರಿಗಿಂತ ಕಿರಿಯಳು. ಆಕೆ ಮಹಿಳಾ ರಾಷ್ಟ್ರೀಯ ಪಟ್ಟವನ್ನು 1976ರಲ್ಲಿ, 13ನೆಯ ವಯಸ್ಸಿನಲ್ಲಿಯೇ ಗೆದ್ದಳು. ಮುಂದೆ 1977, 1979, 1981, 1983ರಲ್ಲಿ ಗೆದ್ದು ಒಟ್ಟು ಐದು ಬಾರಿ ಆ ಪಟ್ಟಕ್ಕೆ ಒಡತಿಯಾದಳು.

ಇಷ್ಟೇ ಆಗಿದ್ದರೆ ಆಕೆ ಒಬ್ಬ ಪ್ರತಿಭಾವಂತ ಬಾಲಕಿಯೆಂದು ಹೊಗಳಿ ಸುಮ್ಮನಾಗಬಹುದಿತ್ತು. ಆದರೆ ಅದೇ 1976ರಲ್ಲಿ ಆಕೆ ಪುರುಷರ ರಾಷ್ಟ್ರೀಯ ಸ್ಪರ್ಧೆಯಲ್ಲಿಯೂ ಆಡಿದಳು. ಈ ದೇಶದಲ್ಲಿ ಹಾಗೆ ಆಡಿದ ಮೊದಲ ಮಹಿಳೆ ಆಕೆಯೇ. ದೊಡ್ಡ ಗದ್ದಲವೆದ್ದಿತು. ಹೆಂಗಸರಿಗೆ ಬೇರೆ ಸ್ಪರ್ಧೆಯನ್ನು ಕೊಟ್ಟಾಗಿದೆಯಲ್ಲ, ಇನ್ನು ಇಲ್ಲಿ ಅವರಿಗೇನು ಕೆಲಸ? ಇದು ಆಕ್ಷೇಪದ ತಿರುಳು. ಕುಸ್ತಿಯಲ್ಲಿಯೋ ಭಾರ ಎತ್ತುವುದರಲ್ಲಿಯೋ ಇಂಥ ಆಕ್ಷೇಪಕ್ಕೆ ಮೈಕಟ್ಟಿನ ಕಾರಣವನ್ನಾದರೂ ಕೊಡಬಹುದು. ಬೆರಳ ತುದಿಯಿಂದ ಕಾಯಿ ಸರಿಸುವ ಆಟದಲ್ಲಿ ಯಾವ ಕಾರಣವನ್ನು ಕೊಡುವುದು? ವಿವಾದ ಹೈಕೋರ್ಟಿನವರೆಗೆ ಹೋಯಿತು; ಅಲ್ಲಿ ಬಾಲಕಿಯ ಪಕ್ಷವೇ ಗೆದ್ದಿತು. ವಿಶ್ವ ಚದುರಂಗ ಒಕ್ಕೂಟದ ಅಧ್ಯಕ್ಷರಾಗಿದ್ದ ಡಚ್ ಆಟಗಾರ ಮ್ಯಾಕ್ಸ್ ಯೂವೆ ಅವರು, ರಾಷ್ಟ್ರೀಯ ಮತ್ತು ಅಂತಾರಾಷ್ಟ್ರೀಯ ಸ್ಪರ್ಧೆಗಳಿಂದ ಮಹಿಳೆಯರನ್ನು ಹೊರಗಿಡುವಂತಿಲ್ಲವೆಂದು ತೀರ್ಪಿತ್ತರು.

ಈ ಯೂವೆ ಎಂಬ ಹೆಸರು ಬಂದಾಗ ನಾವು ಅರ್ಧ ಶತಮಾನ ಹಿಂದಕ್ಕೆ, ಯುರೋಪಿಗೆ ಹೋಗಬೇಕು. 1906ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಮುಂದೆ ಇಂಗ್ಲೆಂಡಿಗೆ ಬಂದು ನೆಲೆಸಿದ ವೆರಾ ಮೆಂಚಿಕ್ 1927ರಲ್ಲಿ ಜಗತ್ತಿನ ಮೊದಲ ಮಹಿಳಾ ಚಾಂಪಿಯನ್ ಆದಳು. 1929ರಲ್ಲಿ ಕಾರ್ಲ್ಸ್‌ಬಾಡ್ ಪಟ್ಟಣದಲ್ಲಿ 22 ಮಂದಿ ಆಡಿದ ಮಹಾಸ್ಪರ್ಧೆಗೆ ಆಕೆಯನ್ನು ಕರೆದಾಗ, ಆಲ್ಬರ್ಟ್ ಬೆಕರ್ ಎಂಬ ಆಟಗಾರ ಒಂದು ಕುಹಕವಾಡಿದ: ಈ ಹೆಂಗಸಿಗೆ ಸೋತವರನ್ನೆಲ್ಲ ‘ವೆರಾ ಮೆಂಚಿಕ್ ಕ್ಲಬ್ಬಿನ’ ಸದಸ್ಯರನ್ನಾಗಿ ಮಾಡೋಣ ಎಂದು. ಆ ಕ್ಲಬ್ಬಿನ ಮೊದಲ ಸದಸ್ಯ ಅವನೇ ಆದ! ನಿಜವನ್ನು ಮರೆಮಾಚಬಾರದು: ಆ ಸ್ಪರ್ಧೆಯಲ್ಲಿ ಆಕೆ ಕೊನೆಯ ಸ್ಥಾನದಲ್ಲಿ ಉಳಿದಳು. ಆದರೂ ಎದ್ದುಹೋಗಲಿಲ್ಲ, ಬಲಿಷ್ಠರ ನಡುವೆ ಸೋಲುತ್ತ, ಕಲಿಯುತ್ತ ಕುಳಿತೇ ಇದ್ದಳು. ಕೆಲವೇ ವರ್ಷಗಳಲ್ಲಿ ಆ ಕ್ಲಬ್ಬಿಗೆ ಎರಡು ಬಾರಿ ಸೇರಬೇಕಾಗಿ ಬಂದ ಒಬ್ಬ ಹಿರಿಯ ಸದಸ್ಯರು ಯಾರು ಬಲ್ಲಿರಾ? ಇದೇ ಮ್ಯಾಕ್ಸ್ ಯೂವೆ. 1935ರಲ್ಲಿ ಅಲೆಖಿನ್‌ನಂಥ ಮಹಾರಥನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದವರು ಅವರು. ಹೆಣ್ಣಿನ ಎದುರು ಕುಳಿತು ಸೋತು ಬಲ್ಲ ಮಹನೀಯರೇ ಭಾರತದ ಬಾಲಕಿಯ ಸ್ಥಾನವನ್ನು ಎತ್ತಿಹಿಡಿದರೆಂಬುದು ಚರಿತ್ರೆಯ ಒಂದು ಸೊಗಸು. ಅದನ್ನು ಕಾಣಲು ಮೆಂಚಿಕ್ ಉಳಿದಿರಲಿಲ್ಲ. 1944ರ ಜೂನಿನಲ್ಲಿ ಲಂಡನ್ನಿನ ಮೇಲೆ ಬಿದ್ದ ಜರ್ಮನ್ ಹಾರುಬಾಂಬೊಂದು ಆಕೆಯನ್ನೂ, ತಾಯಿಯನ್ನೂ, ತಂಗಿಯನ್ನೂ ಒಟ್ಟಿಗೆ ಬಲಿ ತೆಗೆದುಕೊಂಡಿತು.

ಸ್ಥಾನ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ ಉದಾಹರಣೆಯೇ ಇದೆ. ಸರ್ ಉಮರ್ ಹಯಾತ್ ಖಾನರ ಪರಿವಾರದಲ್ಲಿ ಸೇವಕಿಯಾಗಿ ಇಂಗ್ಲೆಂಡಿಗೆ ಹೋಗಿದ್ದ ಫಾತಿಮಾ ಎಂಬ ತರುಣಿ 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದಳು. ಅದೇ ಪರಿವಾರದ ಸುಲ್ತಾನ್ ಖಾನ್ ಅದೇ ವರ್ಷ ಪುರುಷರ ಪಟ್ಟವನ್ನು ಗೆದ್ದಿದ್ದ. ಒಡೆಯರು ಸ್ವದೇಶಕ್ಕೆ ಮರಳಿದರು, ಫಾತಿಮಾಳೂ ಮರಳಿದಳು; ಅಲ್ಲಿಂದ ಮುಂದೆ ಯಾವ ಸ್ಪರ್ಧೆಯ ಪಟ್ಟಿಯಲ್ಲಿಯೂ ಆಕೆಯ ಹೆಸರು ಕಾಣಿಸುವುದಿಲ್ಲ. ಬುದ್ಧಿ ಹಾದಿಯಲ್ಲಿ ಕಳೆದುಹೋಯಿತೆ? ಇಲ್ಲ. ಕೂಡುವ ಜಾಗ ಕಳೆದುಹೋಯಿತು. ಆಕೆಯ ಆ ಗೆಲುವಿಗೂ ಬೆಂಗಳೂರಿನ ಮೊದಲ ಮಹಿಳಾ ಸ್ಪರ್ಧೆಗೂ ನಡುವೆ 41 ವರ್ಷಗಳ ಮೌನವಿದೆ.

ರೋಹಿಣಿಯ ವಿಷಯದಲ್ಲಿ ಹಾಗಾಗಲಿಲ್ಲ. 1980ರ ಅರ್ಜುನ ಪ್ರಶಸ್ತಿ ಆಕೆಗೆ ಸಂದಿತು. 1981ರಲ್ಲಿ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್ ಹೈದರಾಬಾದಿನಲ್ಲಿ ನಡೆಯಿತು. ಒಂದು ಆಟವನ್ನೂ ಸೋಲದೆ, 12ರಲ್ಲಿ ಹನ್ನೊಂದೂವರೆ ಅಂಕ ಗಳಿಸಿ ಆಕೆ ಏಷ್ಯಾದ ಚಾಂಪಿಯನ್ ಆದಳು. ಹನ್ನೆರಡು ಆಟಗಳಲ್ಲಿ ಕೈಬಿಟ್ಟದ್ದು ಅರ್ಧ ಅಂಕ ಮಾತ್ರ! ಅದೇ ವರ್ಷ ಆಕೆಗೂ ಮಹಿಳಾ ಇಂಟರ್‌ನ್ಯಾಷನಲ್ ಮಾಸ್ಟರ್ ಬಿರುದು ಬಂದಿತು. 1983ರಲ್ಲಿ ಕ್ವಾಲಾಲಂಪುರದಲ್ಲಿ ಏಷ್ಯಾದ ಪಟ್ಟವನ್ನು ಮತ್ತೊಮ್ಮೆ ಗೆದ್ದಳು. ಮುಂದೆ ಮನೆತನದ ಪತ್ರಿಕೋದ್ಯಮವನ್ನು ಹಿಡಿದು ‘ಸಂಧ್ಯಾಕಾಳ’ ಎಂಬ ಸಂಜೆ ಪತ್ರಿಕೆಯ ಸಂಪಾದಕಿಯಾದಳು.

ಹೈದರಾಬಾದ್ ನಮ್ಮವರಿಗೆ ಪರಊರಲ್ಲ. ಹುಮನಾಬಾದಿನಲ್ಲಿ ಹೆದ್ದಾರಿಗೆ ನಿಂತು ಬಸ್ಸು ಹಿಡಿದರೆ ನೇರ ಅಲ್ಲಿಗೇ ಇಳಿಯಬಹುದು. ಆಗ ಅಕ್ಕ ಬಾಣಂತನಕ್ಕೆಂದು ತವರಿಗೆ ಬಂದು, ಇನ್ನೂ ಗಂಡನ ಮನೆಗೆ ಹಿಂದಿರುಗಿರಲಿಲ್ಲ. "ತಮ್ಮಾ, ಒಂದಿನ ಕರಕೊಂಡು ಹೋಗಿ ಬಾರೋ, ಅಕಿ ಹ್ಯಾಂಗ ಕೂಡ್ತಾಳ ನೋಡಬೇಕು" ಎಂದು ಕೇಳಿದಳು. ನಾನು ಎಂ.ಎ. ಓದುತ್ತಿದ್ದೆ, ಪರೀಕ್ಷೆಯ ನೆಪ ಹೇಳಿದೆ. ಪರೀಕ್ಷೆ ಇನ್ನೂ ದೂರವಿತ್ತು. ಕೈಗೂಸಿನ ತಾಯಿಯನ್ನು ಚದುರಂಗ ನೋಡಲು ಕರೆದುಕೊಂಡು ಹೋದರೆ ಜನ ಏನೆಂದಾರು ಎಂಬ ಅಳುಕೇ ನಿಜವಾದ ಕಾರಣ. ಅಕ್ಕ ಎರಡನೆಯ ಸಲ ಕೇಳಲಿಲ್ಲ. ನಲವತ್ತು ವರ್ಷಗಳಿಗೂ ಮಿಕ್ಕು ತರಗತಿಗಳಲ್ಲಿಯೂ ಸಭೆಗಳಲ್ಲಿಯೂ ಸಮಾನತೆಯ ಬಗ್ಗೆ ಮಾತನಾಡಿದ್ದೇನೆ. ಆ ಒಂದು ಬಸ್ಸಿನ ಟಿಕೆಟ್ಟಿನ ಋಣ ಮಾತ್ರ ತೀರಿಲ್ಲ.

ಇದನ್ನು ನೆನೆದಾಗಲೆಲ್ಲ ನಮ್ಮ ನೆರೆಯ ಕಲ್ಯಾಣ ಮನಸ್ಸಿಗೆ ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ‘ಮಾನಸೋಲ್ಲಾಸ’ವೆಂಬ ತನ್ನ ಸಂಸ್ಕೃತ ಗ್ರಂಥದಲ್ಲಿ ಅರಸರ ವಿನೋದಗಳನ್ನು ವಿವರಿಸುತ್ತ ಚದುರಂಗಕ್ಕೂ ಎಡೆ ಕೊಟ್ಟಿದ್ದಾನೆ. ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ, ಅಕ್ಕಮಹಾದೇವಿಯಂಥ ಶರಣೆಯರು ಅನುಭವದ ಗೋಷ್ಠಿಯಲ್ಲಿ ಗಂಡಸರ ಸರಿಸಮಕ್ಕೆ ಕುಳಿತು, ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಆಟವೂ ಈ ನೆಲಕ್ಕೆ ಗೊತ್ತಿತ್ತು, ಹೆಣ್ಣಿಗೆ ಎದುರಾಸನ ಕೊಡುವುದೂ ಗೊತ್ತಿತ್ತು. ಎರಡನ್ನೂ ಬಲ್ಲ ನೆಲದವರಾದ ನಾವು ಎರಡನ್ನೂ ಕೂಡಿಸಿ ನೋಡಲಿಲ್ಲ.

ಈಗ ಕಾಲ ಬದಲಾಗಿದೆ. 2002ರಲ್ಲಿ ಆಂಧ್ರದ ಕೊನೇರು ಹಂಪಿ, ಗಂಡು ಹೆಣ್ಣೆಂಬ ಭೇದವಿಲ್ಲದ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ಪಡೆದ ಮೊದಲ ಭಾರತೀಯ ಮಹಿಳೆಯಾದಳು. 2024ರಲ್ಲಿ ಬುಡಾಪೆಸ್ಟಿನ ಒಲಿಂಪಿಯಾಡಿನಲ್ಲಿ ಭಾರತದ ಮಹಿಳಾ ತಂಡ ಚಿನ್ನ ಗೆದ್ದಿತು. 2025ರಲ್ಲಿ ಮಹಿಳಾ ವಿಶ್ವಕಪ್ಪಿನ ಅಂತಿಮ ಪಂದ್ಯಕ್ಕೆ ಎದುರು ಬದುರಾಗಿ ಕುಳಿತವರು ಇಬ್ಬರೂ ಭಾರತೀಯರೇ. 19ರ ದಿವ್ಯಾ ದೇಶಮುಖ್ ಹಂಪಿಯನ್ನು ಸೋಲಿಸಿದಳು. ಆದರೂ ಮಹಿಳೆಯರ ಬಿರುದು ಬೇರೆ, ಎಲ್ಲರ ಬಿರುದು ಬೇರೆ ಎಂಬ ಏರ್ಪಾಡು ಉಳಿದೇ ಇದೆ: ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಆಗಲು 2300ರ ಬಲಾಂಕ ಸಾಕು, ಗ್ರ್ಯಾಂಡ್‌ಮಾಸ್ಟರ್ ಆಗಲು 2500 ಬೇಕು. ಪ್ರತ್ಯೇಕ ಸ್ಪರ್ಧೆ ಹೆಣ್ಣುಮಕ್ಕಳನ್ನು ಮನೆಯಿಂದ ಹೊರಗೆ ಕರೆತಂದಿತೆಂಬುದು ನಿಜ. ವಾಸಂತಿಗೆ ಬೆಂಗಳೂರಿನಲ್ಲಿ ಸಿಕ್ಕ ಪಟ್ಟವೂ ಅಂಥದೇ. ಆದರೆ ಆ ಕೋಣೆಯಿಂದ ದೊಡ್ಡ ಪಡಸಾಲೆಗೆ ಬಾಗಿಲು ತೆರೆದಿರಬೇಕು. ರೋಹಿಣಿ 13ನೆಯ ವಯಸ್ಸಿನಲ್ಲಿ ತಟ್ಟಿದ್ದು ಆ ಬಾಗಿಲನ್ನು.

ಹೋದ ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮೊಮ್ಮಗಳು ಮೊಬೈಲಿನಲ್ಲಿ ಯಾವುದೋ ದೇಶದವರೊಡನೆ ಚದುರಂಗ ಆಡುತ್ತಿದ್ದಳು. ನಾನು ಮುತ್ಯಾನ ಹಳೆಯ ಬಟ್ಟೆಯ ಹಾಸನ್ನು ಚೀಲದಲ್ಲಿ ಒಯ್ದಿದ್ದೆ. ಪಡಸಾಲೆಯ ನಡುವೆ ಅದನ್ನು ಹಾಸಿ, "ಅಕ್ಕಾ, ಬಾ, ಕೂಡು" ಎಂದೆ. ಮೊಣಕಾಲು ನೋವೆಂದು ಗೊಣಗುತ್ತ ಕುಳಿತಳು. ಮೊಮ್ಮಗಳು ಪಕ್ಕದಲ್ಲಿ ಬಂದು, "ಅಜ್ಜಿ, ನಿನ್ನ ರಾಣಿ ಹೊಡೀತಾರ, ನೋಡು" ಎಂದು ಎಚ್ಚರಿಸಿದಳು. "ರಾಣಿ ಅಲ್ಲವ್ವ, ವಜೀರ" ಎಂದ ಅಕ್ಕ, ಅದನ್ನು ಬೇಕೆಂದೇ ನನಗೆ ಬಿಟ್ಟುಕೊಟ್ಟು, ಮತ್ತೆ ನಾಲ್ಕು ನಡೆಗಳಲ್ಲಿ ನನ್ನ ಅರಸನನ್ನು ಮೂಲೆಗೆ ಒತ್ತಿದಳು. ಆಮೇಲೆ ಕಾಯಿಗಳನ್ನು ಪುನಃ ಜೋಡಿಸತೊಡಗಿದಳು.