ಗಣಿತ ವಿಜ್ಞಾನಗಳ ಶಿಕ್ಷಕರು ನಮ್ಮ ಊರುಗಳಲ್ಲಿ ನೆಲೆಸುವುದೆಂತು?

(ಶತಮಾನೋತ್ಸವದ ಅಂಗವಾಗಿ ನಡೆದ ಶಿಕ್ಷಣ ಗೋಷ್ಠಿಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಹಿರಿಯರ ಗುಣಗಾನ ಮಾಡುವುದು ಸುಲಭ. ಆ ಕೆಲಸವನ್ನು ನಮಗಿಂತ ಮುಂಚೆ ಮಾತನಾಡಿದವರು ಚೆನ್ನಾಗಿಯೇ ನೆರವೇರಿಸಿದ್ದಾರೆ. ನಮ್ಮ ಪಾಲಿಗೆ ಬಂದಿರುವ ವಿಷಯ ಅಷ್ಟು ಹಿತಕರವಾದುದಲ್ಲ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹಳ್ಳಿಯ ಪ್ರೌಢಶಾಲೆಗಳಿಗೆ ಗಣಿತ ವಿಜ್ಞಾನಗಳ ಶಿಕ್ಷಕರು ಬರುವುದು ದುರ್ಲಭ. ಬಂದವರು ನಿಲ್ಲುವುದು ಇನ್ನೂ ದುರ್ಲಭ.

ಇದು ವಿದ್ಯೆಗೆ ಬರಡಾದ ನೆಲವೇನಲ್ಲ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನವು ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ನಡೆಯುತ್ತಿದ್ದುದನ್ನು ಬಣ್ಣಿಸುತ್ತದೆ; ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಅಲ್ಲಿಯೇ ದೊರೆಯುತ್ತಿದ್ದುದನ್ನು ಹೇಳುತ್ತದೆ. ಅದಕ್ಕೂ ಎಷ್ಟೋ ಶತಮಾನಗಳ ಹಿಂದೆ ತಾಳಗುಂದದ ಮಯೂರಶರ್ಮನು ಗುರು ವೀರಶರ್ಮನೊಡನೆ ಉನ್ನತ ವಿದ್ಯೆಗಾಗಿ ಕಂಚಿಯ ಘಟಿಕೆಗೆ ಹೋದನು. ಹೋದವನು ಅಧ್ಯಾಪಕನಾಗಿ ಹಿಂದಿರುಗಲಿಲ್ಲ, ಅರಸನಾದನು. ಓದಲು ಹೊರಹೋದವರು ಕಲಿಸಲು ಮರಳದಿರುವ ವಾಡಿಕೆ ನಮ್ಮಲ್ಲಿ ಬಹು ಹಳೆಯದೆನ್ನಬೇಕು!

ಈ ಎರಡು ತಾಲ್ಲೂಕುಗಳು ಪ್ರಭಾವವಿಲ್ಲದವುಗಳೂ ಅಲ್ಲ. ಸೊರಬವು ಶ್ರೀ ಎಸ್. ಬಂಗಾರಪ್ಪನವರನ್ನೂ ಶಿಕಾರಿಪುರವು ಶ್ರೀ ಬಿ.ಎಸ್. ಯಡಿಯೂರಪ್ಪನವರನ್ನೂ ಮುಖ್ಯಮಂತ್ರಿಗಳನ್ನಾಗಿ ನಾಡಿಗೆ ನೀಡಿದವು. 2023ರಲ್ಲಿ ಶಾಲಾ ಶಿಕ್ಷಣದ ಖಾತೆಯೇ ಸೊರಬದ ಶಾಸಕರಿಗೆ ಬಂದಿತು. 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಬೈಸಿಕಲ್ಲು ಹಂಚಿದಾಗ ದೂರದ ಹಳ್ಳಿಯ ಹೆಣ್ಣುಮಕ್ಕಳು ಪ್ರೌಢಶಾಲೆಯ ಬಾಗಿಲಿಗೆ ಬಂದರು. ಬಾಗಿಲೊಳಗೆ ಗಣಿತದ ಪಾಠ ಹೇಳುವವರು ಇರಬೇಕಲ್ಲ!

ನಮ್ಮ ಪ್ರೌಢಶಾಲೆಗಳಲ್ಲಿ ಪಿ.ಸಿ.ಎಂ. ಶಿಕ್ಷಕರು ಗಣಿತ ಮತ್ತು ಭೌತಶಾಸ್ತ್ರವನ್ನೂ ಸಿ.ಬಿ.ಝಡ್. ಶಿಕ್ಷಕರು ರಸಾಯನ ಮತ್ತು ಜೀವಶಾಸ್ತ್ರವನ್ನೂ ನೋಡಿಕೊಳ್ಳುವುದು ವಾಡಿಕೆ. ಸಣ್ಣ ಶಾಲೆಯಲ್ಲಿ ಒಬ್ಬರು ಹೋದರೆ ಅರ್ಧ ವಿಜ್ಞಾನವೇ ಹೋಯಿತು. ಚರಿತ್ರೆಯ ಪಾಠವನ್ನು ಮತ್ತೊಬ್ಬರು ಓದಿಸಿಯಾರು, ಬೀಜಗಣಿತ ಹಾಗಲ್ಲ. ಎಂಟನೆಯ ತರಗತಿಯಲ್ಲಿ ಅದು ತಪ್ಪಿದ ಮಗುವಿಗೆ ಹತ್ತನೆಯಲ್ಲಿ ವರ್ಗ ಸಮೀಕರಣ ದಕ್ಕದು. ಹೇಗೋ ತೇರ್ಗಡೆಯಾದರೂ ಆ ಮಗು ಮುಂದೆ ವಿಜ್ಞಾನ ವಿಭಾಗದ ಕಡೆಗೆ ಮುಖ ಹಾಕುವುದಿಲ್ಲ. ಹಾಗಾದ ಮೇಲೆ ಈ ಊರುಗಳಿಂದ ಬಿ.ಎಸ್ಸಿ. ಓದುವವರೆಷ್ಟು, ಅವರಲ್ಲಿ ಬಿ.ಎಡ್. ಮಾಡುವವರೆಷ್ಟು? ಇಂದು ಶಿಕ್ಷಕರಿಲ್ಲದ ಶಾಲೆಯು ಹತ್ತು ವರ್ಷಗಳ ಅನಂತರದ ಶಿಕ್ಷಕರ ಅಭಾವವನ್ನು ತಾನೇ ಬಿತ್ತುತ್ತಿದೆ.

ಅರ್ಹತೆಯ ದಾರಿಯೂ ದೀರ್ಘವಾಗಿದೆ. 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು. ಪದವಿಯ ಮೂರು ವರ್ಷ ಸೇರಿಸಿದರೆ ಐದು. ಬಳಿಕ ನೇಮಕಾತಿಯ ಪ್ರಕಟಣೆಗಾಗಿ ಕಾಯಬೇಕು. ಪದವಿಯನ್ನೂ ಶಿಕ್ಷಕ ತರಬೇತಿಯನ್ನೂ ಒಟ್ಟಿಗೆ ನಾಲ್ಕೇ ವರ್ಷಗಳಲ್ಲಿ ಕೊಡುವ ವ್ಯವಸ್ಥೆಯನ್ನು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಷ್ಟು ಹಿಂದೆಯೇ ತಂದಿತ್ತಾದರೂ, ನಮ್ಮ ಮಕ್ಕಳಲ್ಲಿ ಅದರ ಹೆಸರು ಕೇಳಿದವರೇ ವಿರಳ.

ತೆರವಾದ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ. ತಿಥಿ ನೋಡದೆ ಬಂದು ಹೋಗುವವನೇ ಅತಿಥಿ; ಹೆಸರಿಟ್ಟವರು ತಿಳಿದೇ ಇಟ್ಟಿರಬೇಕು. ಅವರ ನಿಷ್ಠೆಯನ್ನು ನಾವು ಹಳಿಯುವುದಿಲ್ಲ. ಆದರೆ ಒಂದು ಶಾಲಾ ವರ್ಷದ ಗೌರವಧನವನ್ನು ನಂಬಿ ಯಾರು ತಾನೇ ಊರಲ್ಲಿ ಒಲೆ ಹೂಡಿಯಾರು? ಖಾಯಂ ಶಿಕ್ಷಕರ ವರ್ಗಾವಣೆಗೆ 2020ರ ಕಾನೂನಿದೆ. ಅದು ಶಾಲೆಗಳನ್ನು ಎ, ಬಿ, ಸಿ ವಲಯಗಳೆಂದು ವಿಂಗಡಿಸುತ್ತದೆ. ಕಾನೂನು ಶಿಕ್ಷಕರನ್ನು ಹಳ್ಳಿಗೆ ಕಳುಹಿಸಬಲ್ಲದು. ಅಲ್ಲಿ ಬಾಡಿಗೆಗೆ ಒಂದು ಮನೆಯನ್ನಾಗಲಿ, ರಾತ್ರಿ ಕಾಯಿಲೆಯಾದರೆ ಕರೆದರೆ ಬರುವ ನೆರೆಯವರನ್ನಾಗಲಿ ಕೊಡಲಾರದು. ಆದುದರಿಂದ ಅವರು ಶಿವಮೊಗ್ಗದಿಂದಲೋ ಸಾಗರದಿಂದಲೋ ದಿನವೂ ಬಸ್ಸಿನಲ್ಲಿ ಬರುತ್ತಾರೆ, ಮೊದಲ ಅವಕಾಶಕ್ಕೆ ವರ್ಗ ಮಾಡಿಸಿಕೊಳ್ಳುತ್ತಾರೆ.

ನೆಲೆಸಿದವರಿಂದ ಆಗುವ ಲಾಭವೇ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದುವು. ಅಲ್ಲಿ ಪತ್ತೆಯಾದ ವೈರಾಣು ಆ ಕಾಡಿನ ಹೆಸರಿನಿಂದಲೇ ಲೋಕದ ವೈದ್ಯಗ್ರಂಥಗಳನ್ನು ಸೇರಿತು. ಉಣ್ಣೆಯಿಂದ ಹರಡುವ ಆ ಮಂಗನ ಕಾಯಿಲೆ ಮಲೆನಾಡನ್ನು ಇಂದಿಗೂ ಬಿಟ್ಟಿಲ್ಲ. ಸತ್ತ ಮಂಗ ಕಂಡರೆ ಏಕೆ ತಿಳಿಸಬೇಕು, ಸೌದೆಗೆ ಹೋಗುವಾಗ ಮೈಗೆ ತೈಲ ಏಕೆ ಸವರಬೇಕು ಎಂಬುದನ್ನು ತರಗತಿಯ ಪಾಠವಾಗಿಸಬಲ್ಲವರು ಕಾಡನ್ನೂ ಇಲ್ಲಿಯ ಮನೆಗಳನ್ನೂ ಬಲ್ಲ ಶಿಕ್ಷಕರು. ಸಂಜೆಯ ಬಸ್ಸು ಹಿಡಿಯುವ ಅವಸರದಲ್ಲಿರುವವರಿಗೆ ಅದು ಸಾಧ್ಯವಾಗದು.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ತನ್ನ ಶಿಕ್ಷಣ ಘೋಷಣೆಯಲ್ಲಿ ಶಾಲೆಯ ಸಾಫಲ್ಯವನ್ನು ಬಹುಮಟ್ಟಿಗೆ ಶಿಕ್ಷಕರ ಮೇಲೆಯೇ ನಿಲ್ಲಿಸಿದೆ. ಆದರೆ ನಮ್ಮ ಕುಟುಂಬಗಳನ್ನೇ ನೋಡಿ: ಜಾಣ ಮಗಳಾದರೆ ನರ್ಸಿಂಗ್, ಜಾಣ ಮಗನಾದರೆ ಎಂಜಿನಿಯರಿಂಗ್, ಎರಡೂ ಇಲ್ಲದವರಿಗೆ ಶಿಕ್ಷಕ ವೃತ್ತಿ. ಈ ಲೆಕ್ಕ ನಮಗೆ ಒಪ್ಪಿಗೆಯಿಲ್ಲ.

ಪಾಲನಾ ಸಮಿತಿಯ ಮುಂದೆ ಎರಡು ಕೋರಿಕೆಗಳನ್ನು ಇಡುತ್ತಿದ್ದೇವೆ. ಶತಮಾನೋತ್ಸವದ ನಿಧಿಯಲ್ಲಿ ಉಳಿಯುವ ಹಣದಿಂದ ಪ್ರತಿವರ್ಷ ಈ ತಾಲ್ಲೂಕುಗಳ ಒಬ್ಬ ವಿದ್ಯಾರ್ಥಿನಿಯ ಬಿ.ಎಸ್ಸಿ., ಬಿ.ಎಡ್. ವೆಚ್ಚ ಭರಿಸೋಣ, ಆಕೆ ಯಾವ ಮತದವಳಾದರೂ ಸರಿ, ಓದು ಮುಗಿಸಿ ಕೆಲವು ವರ್ಷ ಇಲ್ಲಿಯೇ ಕಲಿಸಲು ಒಪ್ಪಬೇಕು. ಎರಡನೆಯದು, ದೇವಾಲಯದ ಹಿಂದೆ ಬಹುಕಾಲದಿಂದ ಬೀಗ ಹಾಕಿರುವ ಉಪದೇಶಿಯ ಮನೆ. ಅದನ್ನು ದುರಸ್ತಿ ಮಾಡಿಸಿ ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕರ ಕುಟುಂಬಕ್ಕೆ ಅಲ್ಪ ಬಾಡಿಗೆಗೆ ಕೊಡೋಣ. ಗೋಡೆ ಗಟ್ಟಿಯಾಗಿದೆ, ಬಾವಿಯಲ್ಲಿ ನೀರಿದೆ; ಹೆಂಚು ಮಾತ್ರ ಬದಲಾಗಬೇಕು. ಮೇ ತಿಂಗಳ ಕೊನೆಗೆ ಶಾಲೆ ತೆರೆಯುತ್ತದೆ, ಅದರ ಬೆನ್ನಿಗೇ ಮಳೆ ಹಿಡಿಯುತ್ತದೆ. ಹೆಂಚಿನ ಕೆಲಸ ಬಲ್ಲವರು ಇಂದಿನ ಊಟದ ಅನಂತರ ನಮ್ಮನ್ನು ಕಾಣಬೇಕು.