ಹಳೆಯ ಕಾರು: ರಿಪೇರಿಯೋ, ಮಾರಾಟವೋ?

ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಸಾರ್, ಇದಕ್ಕೆ ದುಡ್ಡು ಹಾಕೋದು ದಂಡ" ಎಂದನೆಂದರೆ ಮನೆಯಲ್ಲಿ ಎರಡು ಪಕ್ಷ ಹುಟ್ಟುತ್ತವೆ. ಮಕ್ಕಳು ಮಾರೋಣ ಎನ್ನುತ್ತಾರೆ, ಅಪ್ಪನಿಗೆ ಮನಸ್ಸಿಲ್ಲ. ಕ್ಲಚ್, ಬ್ರೇಕ್ ಸವೆಯುವುದು ಸಹಜ. ಅಷ್ಟಕ್ಕೇ ಕಾರು ಮಾರಬೇಕಿಲ್ಲ. ತಳದ ತಗಡಿಗೆ ತುಕ್ಕು ಹಿಡಿದಿದ್ದರೆ ಮಾತ್ರ ಯೋಚಿಸಲೇಬೇಕು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ!

ಹದಿನೈದು ವರ್ಷ ತುಂಬಿದರೆ ಗುಜರಿಯೇ ಗತಿ ಎಂಬ ಭಯ ಹಲವರಿಗಿದೆ. ದೆಹಲಿಯ ಕಥೆ ಬೇರೆ. ನಮ್ಮಲ್ಲಿ ಖಾಸಗಿ ಕಾರು ತಪಾಸಣೆಯಲ್ಲಿ ಪಾಸಾದರೆ ನೋಂದಣಿ ಮತ್ತೆ 5 ವರ್ಷಕ್ಕೆ ನವೀಕರಣವಾಗುತ್ತದೆ. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಸಿರು ತೆರಿಗೆ ಪ್ರತ್ಯೇಕ. ಇವನ್ನೂ ರಿಪೇರಿ ಲೆಕ್ಕಕ್ಕೆ ಸೇರಿಸಿ. ಆ ಮೊತ್ತವನ್ನು ಹಳೆಯ ಕಾರಿನ ಬೆಲೆಯ ಜೊತೆಗಲ್ಲ, ಹೊಸ ಕಾರಿನ ಒಂದು ವರ್ಷದ ಸಾಲದ ಕಂತು, ವಿಮೆಯ ಜೊತೆ ತೂಗಿ ನೋಡಿ. ಅಪರೂಪಕ್ಕೆ ಊರಿಗೆ ಹೋಗಿಬರುವ ಕಾರಾದರೆ ರಿಪೇರಿಯೇ ವಾಸಿ ಎನ್ನುತ್ತೇನೆ.

ಮಾರುವುದೇ ಆದರೆ, ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಸುಮ್ಮನಾಗಬೇಡಿ. ಆರ್‌ಟಿಓ ದಾಖಲೆಯಲ್ಲಿ ಹೆಸರು ಬದಲಾಗುವವರೆಗೂ ಬೆನ್ನುಬಿಡಬೇಡಿ. ಕೊಂಡವರ ಕೈಯಲ್ಲಿ ಅಪಘಾತವಾದರೂ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿದೆ.